ಹಾಲಿನ ಗಂಟು, ಹಾಲಲ್ಲದ ಗಂಟು

ಬಾಣಂತಿಯ ಕೋಣೆಯಲ್ಲಿ ಪದೇ ಪದೇ ಕೇಳಿಬರುವ ಮಾತುಗಳಲ್ಲಿ ‘ಹಾಲು ಕಟ್ಟಿಕೊಂಡಿದೆ’ ಎಂಬುದೂ ಒಂದು. ಎದೆಯ ಒಂದು ಬದಿ ಬಿಗಿದು, ಕೈಗೆ ಗಂಟಿನಂತೆ ಸಿಕ್ಕಿ, ಮುಟ್ಟಿದರೆ ನೋಯುವಾಗ ಮನೆಯ ಹಿರಿಯ ಹೆಂಗಸರು ಕೊಡುವ ವಿವರಣೆ ಇದು. ಬಿಸಿನೀರಿನ ಶಾಖ, ಎಣ್ಣೆ ಹಚ್ಚಿ ನೀವುವುದು, ಮಗುವಿಗೆ ಮೊದಲು ಆ ಬದಿಯಲ್ಲೇ ಕುಡಿಸುವುದು – ಹೀಗೆ ಉಪಚಾರ ನಡೆಯುತ್ತದೆ. ಎರಡು ಮೂರು ದಿನಗಳಲ್ಲಿ ಗಂಟು ಕರಗುತ್ತದೆ, ಅಜ್ಜಿಯ ಮಾತು ನಿಜವಾಗುತ್ತದೆ. ಬಹುಪಾಲು ಸಲ ನಡೆಯುವುದು ಹೀಗೆಯೇ.

ತೊಡಕಿರುವುದು ಉಳಿದ ಕೆಲವು ಸಲ. ಗಂಟು ಕರಗದೆ ವಾರ ಕಳೆದು, ತಿಂಗಳು ಕಳೆದರೂ ವಿವರಣೆ ಮಾತ್ರ ಬದಲಾಗುವುದಿಲ್ಲ. ಹಾಲೂಡಿಸುವ ತಾಯಿಗೆ ಸ್ತನ ಕ್ಯಾನ್ಸರ್ ಬರುವುದಿಲ್ಲವೆಂಬ ನಂಬಿಕೆ ಒಂದು ಕಡೆ, ಹಾಲಿರುವಾಗ ಪರೀಕ್ಷೆ ಮಾಡಿಸಿದರೆ ಹಾಲು ಕೆಡುತ್ತದೆಂಬ ಹೆದರಿಕೆ ಇನ್ನೊಂದು ಕಡೆ ಕೈ ಕಟ್ಟಿಹಾಕುತ್ತವೆ. ಮೊದಲನೆಯದು ಬರೀ ಸುಳ್ಳಲ್ಲ, ಅರ್ಧ ಸತ್ಯ. ಅರ್ಧ ಸತ್ಯಗಳನ್ನು ಅಲ್ಲಗಳೆಯುವುದು ಸುಳ್ಳನ್ನು ಅಲ್ಲಗಳೆಯುವುದಕ್ಕಿಂತ ಕಷ್ಟ. ಈ ಅರ್ಧ ಸತ್ಯಕ್ಕಂತೂ ಸಾಕಷ್ಟು ಉದ್ದವಾದ ಇತಿಹಾಸವೇ ಇದೆ.

ಸುಶ್ರುತ ಸಂಹಿತೆಯ ನಿದಾನಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಸ್ತನರೋಗಗಳ ವಿಚಾರ ಬರುತ್ತದೆ. ಕನ್ಯೆಯರ ಸ್ತನಗಳಲ್ಲಿ ನಾಳಗಳ ಬಾಯಿ ಮುಚ್ಚಿರುವುದರಿಂದ ಅವರಿಗೆ ಈ ರೋಗಗಳಿಲ್ಲ. ಗರ್ಭಿಣಿಯರಲ್ಲೂ ಬಾಣಂತಿಯರಲ್ಲೂ ಆ ನಾಳಗಳು ತೆರೆದುಕೊಳ್ಳುವುದರಿಂದ ದೋಷಗಳು ಒಳಹೊಕ್ಕು ರೋಗ ಹುಟ್ಟುತ್ತದೆ ಎಂಬುದು ಅಲ್ಲಿನ ವಾದ. ಅಂದರೆ ಸ್ತನದ ರೋಗ ತಾಯಂದಿರ ರೋಗ.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ ಇದಕ್ಕೆ ನೇರ ವಿರುದ್ಧವಾದುದನ್ನು ಬರೆದ. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಆತ ಬರೆದ ಪ್ರಸಿದ್ಧ ಗ್ರಂಥ 1700ರಲ್ಲಿ ಹೊರಬಂತು. ಅದನ್ನು ಹಿಗ್ಗಿಸಿದ ಆವೃತ್ತಿ 1713ರಲ್ಲಿ ಪಾದುವಾದಲ್ಲಿ ಅಚ್ಚಾಯಿತು. ಗಣಿಗಾರರು, ಕುಂಬಾರರು, ಕನ್ನಡಿ ಮಾಡುವವರು, ಕೂಲಿಗೆ ಮೊಲೆಯೂಡಿಸುವ ದಾದಿಯರು ಎಲ್ಲರಿಗೂ ಅದರಲ್ಲಿ ಜಾಗವಿದೆ. ಇಟಲಿಯ ಊರೂರಿನ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಸ್ತನದ ಕ್ಯಾನ್ಸರ್ ಬೇರೆ ಹೆಂಗಸರಿಗಿಂತ ಹೆಚ್ಚಾಗಿ ಕಾಣುತ್ತದೆ ಎಂದು ಆತ ದಾಖಲಿಸಿದ. ಅಂದರೆ ಸ್ತನದ ರೋಗ ತಾಯಂದಿರಾಗದವರ ರೋಗ.

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ. ಅವರು ನೋಡಿದ್ದು ಬೇರೆ ಬೇರೆ ರೋಗಗಳನ್ನು. ಸುಶ್ರುತನ ಮಾತು ಹೊಂದುವುದು ಹಾಲಿನ ಕಾಲದ ಬಾವು, ಕೀವುಗಳಿಗೆ. ರಾಮಜ್ಜೀನಿ ಕಂಡದ್ದು ಕ್ಯಾನ್ಸರನ್ನು. ಮೊದಲನೆಯದು ತಾಯಂದಿರಲ್ಲಿ ಸಾಮಾನ್ಯ, ಎರಡನೆಯದು ತಾಯಂದಿರಲ್ಲಿ ತುಸು ಕಡಿಮೆ. ಆದರೆ ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬಂದಾಗ ಏನಾಗುತ್ತದೆಂಬ ಪ್ರಶ್ನೆಗೆ ಇಬ್ಬರಲ್ಲೂ ಉತ್ತರವಿಲ್ಲ.

ರಾಮಜ್ಜೀನಿಯ ಮಾತಿಗೆ ಅಂಕಿಗಳ ಆಧಾರ ಸಿಕ್ಕಿದ್ದು 1842ರಲ್ಲಿ. ದೊಮೆನಿಕೊ ರಿಗೋನಿ-ಸ್ಟರ್ನ್ ಎಂಬ ವೈದ್ಯ ವೆರೋನಾ ನಗರದ 1760ರಿಂದ 1839ರವರೆಗಿನ ಮರಣದ ದಾಖಲೆಗಳನ್ನು ಕೂತು ಲೆಕ್ಕಹಾಕಿದ. ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚು ಎಂಬುದು ಅಲ್ಲಿ ಎದ್ದು ಕಂಡಿತು. ಆದರೆ ಕಾರಣವೇನು? ಮದುವೆಯಿಲ್ಲದ್ದೋ, ಮಕ್ಕಳಿಲ್ಲದ್ದೋ, ಹಾಲೂಡಿಸದ್ದೋ? ಮಠದ ದಾಖಲೆ ಇದನ್ನು ಬಿಡಿಸಿ ಹೇಳದು.

ಬಿಡಿಸಲು ಹೊರಟವರು ಇಂಗ್ಲೆಂಡಿನ ಡಾ. ಜಾನೆಟ್ ಲೇನ್-ಕ್ಲೇಪನ್. ಇಂದಿನ ರೋಗವಿಜ್ಞಾನ ಬಳಸುವ ಎರಡು ದೊಡ್ಡ ವಿಧಾನಗಳಿಗೂ ಈಕೆ ಆರಂಭಿಕರು. ಆದರೂ ಹೆಸರು ಕೇಳಿದವರು ಕಡಿಮೆ. 1912ರಲ್ಲಿ ಬರ್ಲಿನ್ ನಗರದ ಶಿಶು ಚಿಕಿತ್ಸಾಲಯಗಳ ದಾಖಲೆಗಳನ್ನು ಹಿಡಿದು, ಎದೆಹಾಲು ಕುಡಿದ ಮಕ್ಕಳ ತೂಕವನ್ನೂ ಕುದಿಸಿದ ಹಸುವಿನ ಹಾಲು ಕುಡಿದ ಮಕ್ಕಳ ತೂಕವನ್ನೂ ವಾರವಾರಕ್ಕೆ ಹೋಲಿಸಿದರು. 1926ರಲ್ಲಿ ಬ್ರಿಟಿಷ್ ಆರೋಗ್ಯ ಇಲಾಖೆಗಾಗಿ ಸ್ತನ ಕ್ಯಾನ್ಸರಿನ 500 ರೋಗಿಗಳನ್ನು ಆ ರೋಗವಿಲ್ಲದ 500 ಹೆಂಗಸರೊಡನೆ ಇಟ್ಟು ನೋಡಿದರು. ತಡವಾದ ಮದುವೆ, ಕಡಿಮೆ ಮಕ್ಕಳು, ಕಡಿಮೆ ಕಾಲದ ಹಾಲೂಡಿಕೆ – ಇವು ರೋಗಿಗಳಲ್ಲಿ ಹೆಚ್ಚಾಗಿದ್ದವು. ಹಾಲನ್ನು ಮಗುವಿನ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಅಳೆದ ಈ ವೈದ್ಯೆ 1929ರಲ್ಲಿ ಮದುವೆಯಾದರು. ಮದುವೆಯಾದ ಹೆಂಗಸರಿಗೆ ಅಂದಿನ ಬ್ರಿಟಿಷ್ ಸರ್ಕಾರಿ ಸೇವೆಯಲ್ಲಿ ಜಾಗವಿರಲಿಲ್ಲ. ಸಂಶೋಧನೆ ಅಲ್ಲಿಗೇ ನಿಂತಿತು.

ಆಮೇಲೆ ವಿಜ್ಞಾನ ಒಂದು ಮಗ್ಗುಲು ಹೊರಳಿತು. 1970ರಲ್ಲಿ ಬ್ರಿಯಾನ್ ಮ್ಯಾಕ್‌ಮಹಾನ್ ಮತ್ತು ಸಂಗಡಿಗರು ಬಾಸ್ಟನ್, ಅಥೆನ್ಸ್, ಟೋಕಿಯೋ, ತೈಪೆ ಮುಂತಾದ ಏಳು ಕಡೆಗಳ ಮಾಹಿತಿ ಕೂಡಿಸಿ, ಮುಖ್ಯವಾದುದು ಮೊದಲ ಹೆರಿಗೆಯ ವಯಸ್ಸು. ಹಾಲೂಡಿಕೆಯಿಂದ ಪ್ರತ್ಯೇಕ ರಕ್ಷಣೆಯೇನೂ ಕಾಣುತ್ತಿಲ್ಲ ಎಂದರು. ಕೆಲವು ವರ್ಷ ಅದೇ ಮಾತು ನಿಂತಿತು.

ಅದನ್ನು ಅಲುಗಾಡಿಸಿದವರು ಹಾಂಗ್‌ಕಾಂಗ್‌ನ ಟಾಂಕಾ ಬೆಸ್ತರ ಹೆಂಗಸರು. ದೋಣಿಯೇ ಮನೆಯಾಗಿದ್ದ ಈ ಸಮುದಾಯದ ಸಾಂಪ್ರದಾಯಿಕ ಮೇಲಂಗಿಗೆ ತೆರಪು ಇದ್ದುದು ಬಲಬದಿಗೆ. ಹಾಗಾಗಿ ಅವರು ಮಗುವಿಗೆ ಹಾಲೂಡಿಸುತ್ತಿದ್ದುದು ಬಲಸ್ತನದಿಂದ ಮಾತ್ರ. ಎಡಗಡೆಯದು ಜೀವಮಾನವಿಡೀ ಹಾಗೆಯೇ ಉಳಿಯುತ್ತಿತ್ತು. 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ, ಹೀಗೆ ಒಂದೇ ಬದಿಯಲ್ಲಿ ಕುಡಿಸಿ ವಯಸ್ಸಾದ ಹೆಂಗಸರಲ್ಲಿ ಕ್ಯಾನ್ಸರ್ ಬಂದದ್ದು ಬಳಸದ ಎಡಸ್ತನದಲ್ಲೇ ಹೆಚ್ಚು. ಸಂಖ್ಯೆ ಸಣ್ಣದಿತ್ತು, ಅದನ್ನೊಂದೇ ನೆಚ್ಚುವಂತಿರಲಿಲ್ಲ. ಆದರೂ ಇಂಥ ಪ್ರಯೋಗವನ್ನು ಯಾವ ವಿಜ್ಞಾನಿಯೂ ಯೋಜಿಸಿ ಮಾಡಲಾರ. ಅದೇ ಹೆಂಗಸು, ಅದೇ ಊಟ, ಅಷ್ಟೇ ಮಕ್ಕಳು. ವ್ಯತ್ಯಾಸ ಒಂದೇ, ಅಂಗಿಯ ತೆರಪು ಯಾವ ಕಡೆಗಿದೆ ಎಂಬುದು. ದರ್ಜಿಯ ಕತ್ತರಿ ವೈದ್ಯಶಾಸ್ತ್ರಕ್ಕೆ ಇಷ್ಟು ದೊಡ್ಡ ಸುಳಿವು ಕೊಟ್ಟ ಬೇರೆ ಉದಾಹರಣೆ ಸಿಗುವುದು ಕಷ್ಟ.

ಗಟ್ಟಿಯಾದ ಉತ್ತರ ಬಂದದ್ದು 2002ರಲ್ಲಿ. 30 ದೇಶಗಳ 47 ಅಧ್ಯಯನಗಳನ್ನು, ಅಂದರೆ ರೋಗವಿದ್ದ ಸುಮಾರು 50 ಸಾವಿರ, ರೋಗವಿಲ್ಲದ ಸುಮಾರು 97 ಸಾವಿರ ಹೆಂಗಸರ ವಿವರಗಳನ್ನು ಆಕ್ಸ್‌ಫರ್ಡ್‌ನ ತಜ್ಞರ ನೇತೃತ್ವದ ತಂಡ ಒಟ್ಟಿಗೆ ಪರಿಶೀಲಿಸಿತು. ಪ್ರತಿ 12 ತಿಂಗಳ ಹಾಲೂಡಿಕೆಗೆ ಸ್ತನ ಕ್ಯಾನ್ಸರಿನ ಸಾಧ್ಯತೆ ಶೇ. 4.3ರಷ್ಟು ಇಳಿಯುತ್ತದೆ, ಪ್ರತಿ ಹೆರಿಗೆಗೆ ಬೇರೆಯಾಗಿ ಶೇ. 7ರಷ್ಟು ಇಳಿಯುತ್ತದೆ. ಹಲವು ಮಕ್ಕಳನ್ನು ಹೆತ್ತು ಒಂದೊಂದಕ್ಕೂ ಎರಡು ವರ್ಷ ಹಾಲೂಡಿಸುತ್ತಿದ್ದ ಹಿಂದಿನ ತಲೆಮಾರಿನವರಿಗೆ ಈ ಲಾಭ ಸೇರಿ ಸೇರಿ ದೊಡ್ಡದಾಗುತ್ತಿತ್ತು. ಒಂದೋ ಎರಡೋ ಮಕ್ಕಳಿಗೆ ಆರಾರು ತಿಂಗಳು ಕುಡಿಸುವವರಿಗೆ ಅದು ಇದೆ, ಆದರೆ ಕಿರಿದು.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದನೆಯದಾಗಿ, ಕಡಿಮೆಯಾಗುವುದೆಂದರೆ ಇಲ್ಲವಾಗುವುದಲ್ಲ. ಎರಡನೆಯದಾಗಿ, ಈ ಲಾಭ ಕೈಗೆ ಬರುವುದು ವರ್ಷಗಳ ನಂತರ. ಹೆರಿಗೆಯಾದ ಮೊದಲ ಕೆಲವು ವರ್ಷಗಳಲ್ಲಿ ಅಪಾಯ ಇಳಿಯುವ ಬದಲು ತಾತ್ಕಾಲಿಕವಾಗಿ ಏರುತ್ತದೆ ಎಂದು 1994ರಲ್ಲಿ ಸ್ವೀಡನ್ನಿನ ದಾಖಲೆಗಳು ತೋರಿಸಿದವು. 2019ರಲ್ಲಿ 15 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಈ ಏರಿಕೆ ಹೆರಿಗೆಯ ಸುಮಾರು ಐದು ವರ್ಷಗಳ ನಂತರ ತುದಿ ಮುಟ್ಟುತ್ತದೆಂದು ಕಂಡುಬಂತು. ಆ ವಯಸ್ಸಿನಲ್ಲಿ ರೋಗವೇ ಅಪರೂಪವಾದ್ದರಿಂದ ಏರಿದರೂ ಒಟ್ಟು ಸಂಖ್ಯೆ ಸಣ್ಣದೇ. ಗರ್ಭಿಣಿಯಾಗಿದ್ದಾಗ ಅಥವಾ ಹೆರಿಗೆಯ ವರ್ಷದೊಳಗೆ ಪತ್ತೆಯಾಗುವ ಸ್ತನ ಕ್ಯಾನ್ಸರ್ ಸುಮಾರು ಮೂರು ಸಾವಿರದಿಂದ ಹತ್ತು ಸಾವಿರ ಗರ್ಭಧಾರಣೆಗಳಿಗೆ ಒಂದು ಎಂಬುದು ವೈದ್ಯಗ್ರಂಥಗಳ ಅಂದಾಜು. ಗಾಬರಿಪಡಲು ಕಾರಣವಿಲ್ಲ, ಆದರೆ ‘ಹಾಲಿದ್ದಾಗ ಬರುವುದೇ ಇಲ್ಲ’ ಎನ್ನಲೂ ಕಾರಣವಿಲ್ಲ.

ಹಾಲು ತುಂಬಿದ ಸ್ತನ ಗಂಟುಗಳ ಊರು. ನಾಳದಲ್ಲಿ ಹಾಲು ಚೀಲದಂತೆ ಶೇಖರವಾಗಿ ಗ್ಯಾಲಕ್ಟೊಸೀಲ್ ಎಂಬ ಗುಳ್ಳೆಯಾಗುತ್ತದೆ. ಹಾಲು ತಯಾರಿಸುವ ಗ್ರಂಥಿಗಳೇ ಒಂದು ಕಡೆ ಒತ್ತಾಗಿ ಬೆಳೆದು ನಿರಪಾಯದ ಗಡ್ಡೆಯಾಗುತ್ತವೆ. ಹಾಲು ಬಿಡಿಸಿದ ಮೇಲೆ ಅದು ತಾನಾಗಿ ಕುಗ್ಗುತ್ತದೆ. ಮೊದಲೇ ಇದ್ದ ಫೈಬ್ರೊ ಅಡಿನೋಮಾ ಎಂಬ ಸಾದಾ ಗಂಟು ಗರ್ಭಕಾಲದ ಹಾರ್ಮೋನುಗಳಿಂದ ಹಿಗ್ಗುತ್ತದೆ. ಬಾವು ಬಲಿತರೆ ಕೀವು ಕಟ್ಟುತ್ತದೆ. ಹೆರಿಗೆಯ ಮೊದಲ ದಿನಗಳಲ್ಲಿ ಹಾಲಿಗೆ ಕಂದುಬಣ್ಣದ ರಕ್ತ ಬೆರೆಯುವುದೂ ಉಂಟು. ಕೆಲವು ದಿನಗಳಲ್ಲಿ ನಿಂತರೆ ಚಿಂತೆಯಿಲ್ಲ.

ಬಾವಿನ ಚಿಕಿತ್ಸೆಯ ವಿಚಾರದಲ್ಲಿ ಈಚೆಗೆ ವೈದ್ಯರ ಅಭಿಪ್ರಾಯವೇ ಬದಲಾಗಿದೆ. ನಾಳದಲ್ಲಿ ಹಾಲಿನ ಬಿರಡೆ ಸಿಕ್ಕಿಕೊಂಡಿದೆ, ಬಿಸಿ ಮಾಡಿ, ಬಲವಾಗಿ ನೀವಿ, ಹಿಂಡಿ ಹೊರಹಾಕಬೇಕು ಎಂಬುದು ಹಳೆಯ ತಿಳಿವಳಿಕೆ. ಬಿರಡೆ ಎಂಬುದೇನೂ ಇಲ್ಲ, ಸುತ್ತಲಿನ ಅಂಗಾಂಶ ಊದಿಕೊಂಡು ನಾಳ ಒತ್ತಿಹೋಗಿರುತ್ತದೆ ಎಂಬುದು ಹಾಲೂಡಿಕೆ ವೈದ್ಯರ ಅಂತಾರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ನಿಲುವು. ಅದರಂತೆ ಬಲವಾದ ನೀವುವಿಕೆ ಕೂಡದು, ಅದರಿಂದ ಊತ ಹೆಚ್ಚುತ್ತದೆ. ತಣ್ಣನೆಯ ಪಟ್ಟಿ, ಮಗು ಕೇಳಿದಷ್ಟು ಕುಡಿಸುವುದು, ಬೇಕಾದರೆ ಊತ ಇಳಿಸುವ ಮಾತ್ರೆ – ಇಷ್ಟು ಸಾಕು. ಎಣ್ಣೆ ನೀವಿ ಬಿಸಿನೀರು ಹುಯ್ಯುವ ನಮ್ಮ ಬಾಣಂತನಕ್ಕೆ ಇದು ಒಗ್ಗುವುದು ಸ್ವಲ್ಪ ಕಷ್ಟವೇ.

ಹಳ್ಳಿಯ ಹೆಂಗಸರಿಗೆ ಇದೇ ಕಾಯಿಲೆ ಇನ್ನೊಂದು ಹೆಸರಿನಿಂದ ಚೆನ್ನಾಗಿ ಗೊತ್ತು: ಹಸುವಿನ ಕೆಚ್ಚಲು ಬಾವು. ಕರೆಯುವ ಮೊದಲು ನಾಲ್ಕು ಧಾರೆ ಬೇರೆಯಾಗಿ ಹಿಂಡಿ, ಹಾಲಿನಲ್ಲಿ ಹೆಪ್ಪು ಅಥವಾ ರಕ್ತವಿದೆಯೇ ಎಂದು ನೋಡುತ್ತಾರೆ. ಕೆಚ್ಚಲನ್ನು ಕೈಯಿಂದ ಮುಟ್ಟಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ತಿಳಿಯುತ್ತಾರೆ. ಡೇರಿ ಸಹಕಾರ ಸಂಘಗಳಿರುವ ಊರುಗಳಲ್ಲಿ ಇದು ದಿನನಿತ್ಯದ ಅಭ್ಯಾಸ. ಹಸುವಿನ ವಿಷಯದಲ್ಲಿ ಯಾರಿಗೂ ನಾಚಿಕೆಯಿಲ್ಲ, ಮುಂದೂಡುವುದೂ ಇಲ್ಲ. ಹಾಲು ಕೆಟ್ಟರೆ ಅಂದಿನ ದುಡ್ಡು ಹೋಯಿತು. ಆದರೆ ಈ ಹೋಲಿಕೆ ಒಂದು ಹಂತದಲ್ಲಿ ಕೈಕೊಡುತ್ತದೆ. ಹಸುವಿನ ಕೆಚ್ಚಲಿನಲ್ಲಿ ಕ್ಯಾನ್ಸರ್ ತೀರ ಅಪರೂಪ. ಕೆಚ್ಚಲಿನ ಗಂಟೆಂದರೆ ಬಾವೇ ಎಂಬ ಕೊಟ್ಟಿಗೆಯ ಅನುಭವ ಮನೆಯೊಳಗೆ ಬಂದಾಗ ಪೂರ್ತಿ ಹೊಂದುವುದಿಲ್ಲ.

ಹಾಗಾದರೆ ಹಾಲಲ್ಲದ ಗಂಟನ್ನು ಗುರುತಿಸುವುದು ಹೇಗೆ? ಕೈಯಿಂದ ಮುಟ್ಟಿ ಖಚಿತವಾಗಿ ಹೇಳುವುದು ನುರಿತ ವೈದ್ಯರಿಗೂ ಸಾಧ್ಯವಿಲ್ಲ. ಸುಳಿವು ಕೊಡುವುದು ಕಾಲ. ಹಾಲಿನ ಗಂಟು ಕುಡಿಸಿದ ಮೇಲೆ ಚಿಕ್ಕದಾಗುತ್ತದೆ, ಜಾಗ ಬದಲಿಸುತ್ತದೆ, ದಿನಗಳಲ್ಲಿ ಮಾಯವಾಗುತ್ತದೆ. ಒಂದೆರಡು ವಾರ ಕಳೆದರೂ ಅದೇ ಜಾಗದಲ್ಲಿ ಅಷ್ಟೇ ಗಾತ್ರದಲ್ಲಿ ಕುಳಿತಿರುವ ಅಥವಾ ಬೆಳೆಯುವ ಗಂಟು ಪರೀಕ್ಷೆಗೆ ಹೋಗಬೇಕಾದ ಗಂಟು. ನೋವಿಲ್ಲದಿರುವುದು ಸಮಾಧಾನದ ಲಕ್ಷಣವಲ್ಲ. ಸ್ತನ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಚರ್ಮ ಒಳಸೆಳೆದುಕೊಳ್ಳುವುದು, ತೊಟ್ಟು ಹೊಸದಾಗಿ ಒಳಸೇರುವುದು, ಕಂಕುಳಲ್ಲಿ ಗಟ್ಟಿ ಗಂಟು, ಒಂದೇ ರಂಧ್ರದಿಂದ ವಾರಗಟ್ಟಲೆ ರಕ್ತ – ಇವೂ ಹಾಗೆಯೇ.

ಅತ್ಯಂತ ಮೋಸದ್ದು ಉರಿಯೂತದ ಸ್ತನ ಕ್ಯಾನ್ಸರ್ ಎಂಬ ಅಪರೂಪದ ಬಗೆ. ಇದರಲ್ಲಿ ಗಂಟೇ ಕಾಣದೆ ಸ್ತನವಿಡೀ ಕೆಂಪಾಗಿ, ಬಿಸಿಯಾಗಿ, ಚರ್ಮ ಕಿತ್ತಳೆ ಸಿಪ್ಪೆಯಂತೆ ದಪ್ಪವಾಗುತ್ತದೆ. ನೋಡಲು ಥೇಟ್ ಬಾವು. ವ್ಯತ್ಯಾಸ ತಿಳಿಯುವುದು ಔಷಧ ಕೊಟ್ಟ ಮೇಲೆ. ಬಾವು ಆಂಟಿಬಯಾಟಿಕ್‌ಗೆ ಕೆಲವೇ ದಿನಗಳಲ್ಲಿ ಬಗ್ಗುತ್ತದೆ, ಇದು ಬಗ್ಗುವುದಿಲ್ಲ. ಒಂದು ಸುತ್ತು ಔಷಧಕ್ಕೆ ಇಳಿಯದ ಬಾವಿಗೆ ಎರಡನೆಯ, ಮೂರನೆಯ ಸುತ್ತು ಅದೇ ಔಷಧ ಕೊಡುತ್ತಾ ಹೋದರೆ ಕಳೆದುಹೋಗುವುದು ಅಮೂಲ್ಯವಾದ ತಿಂಗಳುಗಳು. ತಪ್ಪು ಸದಾ ಮನೆಯವರದೇ ಎನ್ನುವಂತಿಲ್ಲ. ಎಳೆಯ ಬಾಣಂತಿಯ ಎದೆಯಲ್ಲಿ ಕ್ಯಾನ್ಸರನ್ನು ಶಂಕಿಸಲು ವೈದ್ಯರಿಗೂ ಮನಸ್ಸು ಬರುವುದಿಲ್ಲ.

ಪರೀಕ್ಷೆಯೆಂದರೆ ಮೊದಲು ಅಲ್ಟ್ರಾಸೌಂಡ್. ಗರ್ಭದಲ್ಲಿದ್ದಾಗ ಮಗುವನ್ನು ನೋಡಿದ ಯಂತ್ರದ ಬಂಧುವೇ ಇದು, ವಿಕಿರಣವಿಲ್ಲ. ಹಾಲಿನ ಗುಳ್ಳೆಯೋ, ಕೀವೋ, ಗಟ್ಟಿ ಗಡ್ಡೆಯೋ ಎಂಬುದನ್ನು ಬಹುಮಟ್ಟಿಗೆ ಇದೇ ಬೇರ್ಪಡಿಸುತ್ತದೆ. ಅನುಮಾನ ಉಳಿದರೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ.

ಈ ಎಕ್ಸ್‌ರೇ ಹುಟ್ಟಿದ್ದು ಬರ್ಲಿನ್‌ನಲ್ಲಿ. ಆಲ್ಬರ್ಟ್ ಸಾಲೊಮನ್ ಎಂಬ ಶಸ್ತ್ರವೈದ್ಯ ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳ ಚಿತ್ರ ತೆಗೆದು, ಕ್ಯಾನ್ಸರ್ ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆಂದು 1913ರಲ್ಲಿ ಪ್ರಕಟಿಸಿದ. ಯಹೂದಿಯಾದ ಆತನನ್ನು 1938ರಲ್ಲಿ ನಾಜಿಗಳು ಸೆರೆಶಿಬಿರಕ್ಕೆ ತಳ್ಳಿದರು. ಆತ ಹೇಗೋ ಬದುಕುಳಿದ. ಚಿತ್ರಕಲಾವಿದೆಯಾದ ಮಗಳು ಶಾರ್ಲೊಟ್ 1943ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಲೆಯಾದಳು. ಆತನ ಶೋಧಕ್ಕೆ ಮತ್ತೆ ಜೀವ ಬಂದು, ಆರೋಗ್ಯವಂತ ಹೆಂಗಸರನ್ನೇ ಕರೆದು ತಪಾಸಣೆ ಮಾಡುವ ದೊಡ್ಡ ಪ್ರಯೋಗ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು 1963ರಲ್ಲಿ.

ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಾಗಿಯೂ, ಗ್ರಂಥಿ ಮತ್ತು ಗಡ್ಡೆಗಳು ಬಿಳಿಯಾಗಿಯೂ ಮೂಡುತ್ತವೆ. ಹಾಲು ತುಂಬಿದ ಸ್ತನ ಬಹುಪಾಲು ಬಿಳಿ. ಅದರಲ್ಲಿ ಗಡ್ಡೆ ಹುಡುಕುವುದು ಹಾಲಿನ ಪಾತ್ರೆಯಲ್ಲಿ ಮುತ್ತು ಹುಡುಕಿದಂತೆ. ಬಾಣಂತಿಗೆ ಮ್ಯಾಮೊಗ್ರಾಂ ಬೇಡವೆಂಬ ಮಾತಿನ ಮೂಲ ಇಲ್ಲಿದೆ. ಕಷ್ಟ ಚಿತ್ರ ಓದುವವರದು, ತಾಯಿಗಾಗಲಿ ಮಗುವಿಗಾಗಲಿ ಅಪಾಯವಿಲ್ಲ. ಎಕ್ಸ್‌ರೇ ಹಾಲಿನಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ. ಪರೀಕ್ಷೆಗೆ ತುಸು ಮೊದಲು ಮಗುವಿಗೆ ಕುಡಿಸಿ ಅಥವಾ ಹಾಲು ತೆಗೆದು ಹೋದರೆ ಚಿತ್ರ ಸ್ಪಷ್ಟವಾಗುತ್ತದೆ, ಒತ್ತಿದಾಗ ನೋವೂ ಕಡಿಮೆ. ಮುಗಿದೊಡನೆ ಮತ್ತೆ ಕುಡಿಸಬಹುದು. ಸೂಜಿಯಿಂದ ತುಣುಕು ತೆಗೆಯುವ ಬಯಾಪ್ಸಿಗೂ ಹಾಲು ನಿಲ್ಲಿಸಬೇಕಿಲ್ಲ. ಗಾಯದ ಮೂಲಕ ಕೆಲಕಾಲ ಹಾಲು ಜಿನುಗುವುದುಂಟು, ಅದು ವಿರಳ.

ಆದರೂ ಪರೀಕ್ಷೆ ಎಂದೊಡನೆ ಮನೆಯಲ್ಲಿ ಮೊದಲು ಬರುವ ಮಾತು ಹಾಲು ಬಿಡಿಸುವುದು. ಹಾಲು ಇಂಗಿಸಲು ಎದೆಗೆ ಮಲ್ಲಿಗೆ ಹೂ ಕಟ್ಟುವ ಪದ್ಧತಿ ದಕ್ಷಿಣ ಭಾರತದಲ್ಲಿದೆ. ಅದು ಔಷಧಕ್ಕೆ ಸರಿದೂಗುವಷ್ಟು ಕೆಲಸ ಮಾಡುತ್ತದೆಂದು 1988ರಲ್ಲಿ ಪ್ರಕಟವಾದ ಅಧ್ಯಯನವೂ ಹೇಳಿತು. ಮಲ್ಲಿಗೆಯ ಶಕ್ತಿ ಅಚ್ಚರಿಯದೇ, ಆದರೆ ಇಲ್ಲಿ ಅದರ ಅಗತ್ಯವಿಲ್ಲ. ಹಾಲು ನಿಲ್ಲಿಸಬೇಕಾಗುವುದು ಕ್ಯಾನ್ಸರ್ ಖಚಿತವಾಗಿ ಕೀಮೊಥೆರಪಿ ಆರಂಭವಾದಾಗ, ಮತ್ತು ವಿಕಿರಣಶೀಲ ಔಷಧ ಚುಚ್ಚುವ ಕೆಲವು ಸ್ಕ್ಯಾನ್‌ಗಳಲ್ಲಿ ವೈದ್ಯರು ಹೇಳಿದಷ್ಟು ಕಾಲ.

ಗಂಟು ಕಂಡವರ ಪರೀಕ್ಷೆ ಒಂದು, ಏನೂ ಕಾಣದವರ ತಪಾಸಣೆ ಇನ್ನೊಂದು. ತಾನೇ ತನ್ನ ಸ್ತನವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳುವ ವಿಧಾನಕ್ಕೆ ಒಂದು ಕಾಲದಲ್ಲಿ ಭಾರಿ ಪ್ರಚಾರವಿತ್ತು. ಶಾಂಘೈನ ಜವಳಿ ಗಿರಣಿಗಳ 2,66,064 ಹೆಂಗಸರಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ ಸಾವಿನ ಸಂಖ್ಯೆ ಇಳಿಯಲಿಲ್ಲ, ಅನಗತ್ಯ ಬಯಾಪ್ಸಿಗಳು ಮಾತ್ರ ಹೆಚ್ಚಿದವು ಎಂದು 2002ರ ವರದಿ ತಿಳಿಸಿತು. ಇದಕ್ಕಿಂತ ಭರವಸೆಯದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗ. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದರೆ ಸಾಕೇ ಎಂದು ನಗರದ ಒಂದೂವರೆ ಲಕ್ಷ ಹೆಂಗಸರಲ್ಲಿ ಇಪ್ಪತ್ತು ವರ್ಷ ಗಮನಿಸಲಾಯಿತು. ರೋಗ ಇನ್ನೂ ಚಿಕ್ಕ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಸಾವು ಶೇ. 30ರ ಸಮೀಪ ಇಳಿಯಿತು, ಅದಕ್ಕಿಂತ ಕಿರಿಯರಲ್ಲಿ ಇಳಿಯಲಿಲ್ಲ ಎಂದು 2021ರಲ್ಲಿ ಪ್ರಕಟವಾಯಿತು.

ಬಾಣಂತಿಯರು ಹೆಚ್ಚಾಗಿ ಈ ಕಿರಿಯರ ಗುಂಪಿನವರು. ಆದ್ದರಿಂದ ಅವರಿಗೆಲ್ಲ ಸಾಮೂಹಿಕ ತಪಾಸಣೆ ಬೇಕೆಂದು ಯಾರೂ ಹೇಳುತ್ತಿಲ್ಲ. ತಾಯಿಗೋ ಅಕ್ಕನಿಗೋ ಎಳೆಯ ವಯಸ್ಸಿನಲ್ಲಿ ಈ ರೋಗ ಬಂದಿದ್ದರೆ ಮಾತು ಬೇರೆ. ಅಂಥವರು ಹಾಲೂಡಿಸುವ ನೆಪದಲ್ಲಿ ವರ್ಷಗಟ್ಟಲೆ ತಪಾಸಣೆ ಮುಂದೂಡಬಾರದೆಂಬುದು ತಜ್ಞರ ಸಲಹೆ. ಈಚೆಗೆ ನಗರಗಳಲ್ಲಿ ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಮೊದಲ ಹೆರಿಗೆ ಅಪರೂಪವಲ್ಲ. ಮ್ಯಾಮೊಗ್ರಾಂ ತಪಾಸಣೆಯ ವಯಸ್ಸೂ ಹಾಲೂಡಿಸುವ ವಯಸ್ಸೂ ಒಂದರ ಮೇಲೊಂದು ಬರತೊಡಗಿವೆ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ ಕಾಣಿಸುತ್ತದೆ ಎಂಬ ಮಾತಿದೆ. ದೇಶದ ಜನಸಂಖ್ಯೆಯೇ ಎಳೆಯದು ಎಂಬುದು ಅದಕ್ಕೆ ಒಂದು ಕಾರಣವಾದರೂ, ಎಳೆಯ ರೋಗಿಗಳ ಸಂಖ್ಯೆ ಇಲ್ಲಿ ದೊಡ್ಡದೆಂಬುದು ಸುಳ್ಳಲ್ಲ.

ಕರ್ನಾಟಕಕ್ಕೆ ಈ ಲೆಕ್ಕ ಹೊಸದಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ದಾಖಲೆ ಇಡುತ್ತಾ ಬಂದಿದೆ. ಮೊದಲ ವರ್ಷಗಳಲ್ಲಿ ಹೆಂಗಸರಲ್ಲಿ ಮುಂದಿದ್ದುದು ಗರ್ಭಕೊರಳಿನ ಕ್ಯಾನ್ಸರ್. ಈಗ ಆ ಜಾಗ ಸ್ತನದ್ದು. ಮೂವತ್ತು ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರಿಂದ ಸ್ತನ ತಪಾಸಣೆಯಾಗಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಗೊತ್ತುಪಡಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡಿದ್ದೇನೆ ಎಂದವರು ಇಡೀ ದೇಶದಲ್ಲಿ ಶೇ. 0.9. ಆದರೆ ಬಾಣಂತಿ ಮಾತ್ರ ಆರೋಗ್ಯ ಕೇಂದ್ರಕ್ಕೆ ಮತ್ತೆ ಮತ್ತೆ ಬರುವವಳು. ಮಗುವಿನ ಚುಚ್ಚುಮದ್ದಿಗೆ ಒಂದೂವರೆ ತಿಂಗಳಿಗೆ, ಎರಡೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ. ಕಾರ್ಡಿನಲ್ಲಿ ಬರೆಯುವುದು ಮಗುವಿನ ತೂಕ. ಎರಡು ವಾರದಿಂದ ಕರಗದ ಗಂಟಿದೆಯೇ ಎಂದು ತಾಯಿಯನ್ನು ಕೇಳಲು ದಾದಿಗೆ ಅರ್ಧ ನಿಮಿಷ ಸಾಕು.